ಹಿಟ್ಟಿನ ಹುಂಜ ಮತ್ತು ಯಂತ್ರಮಾನವ

ಕ್ರಿ.ಶ. 1209ರಲ್ಲಿ ಕವಿಚಕ್ರವರ್ತಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯ ಕಥೆಯನ್ನು ಕೇಳದ ಜೈನ ಮನೆಗಳು ಕರ್ನಾಟಕದಲ್ಲಿ ವಿರಳ. ಉಜ್ಜಯಿನಿಯ ಅರಸ ಯಶೋಧರನು ಪತ್ನಿ ಅಮೃತಮತಿಯ ಅಪಚಾರವನ್ನು ಕಣ್ಣಾರೆ ಕಂಡು ಮನಸ್ಸು ಕದಡಿದವನಾಗಿ, ತಾಯಿ ಚಂದ್ರಮತಿಯ ಮುಂದೆ ನಿಜವನ್ನು ಮರೆಮಾಚಿ, ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ. ಶಾಂತಿಗಾಗಿ ಚಂಡಮಾರಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಜೀವಹಿಂಸೆಗೆ ಮಗ ಒಪ್ಪುವುದಿಲ್ಲ. ಕೊನೆಗೆ ಇಬ್ಬರ ಮಾತೂ ಉಳಿಯುವಂತೆ ಒಂದು ಉಪಾಯ ಹೊಳೆಯುತ್ತದೆ. ಹಿಟ್ಟಿನಿಂದ ಹುಂಜವೊಂದನ್ನು ಮಾಡಿ, ಅದನ್ನು ಕಡಿದು ದೇವಿಗೆ ಒಪ್ಪಿಸುವುದು. ತಾಯಿಗೆ ಬಲಿ ಸಂದಂತೆಯೂ ಆಯಿತು, ಮಗನಿಗೆ ಹಿಂಸೆ ತಪ್ಪಿದಂತೆಯೂ ಆಯಿತು. ಆದರೆ ಕತ್ತಿಯ ಏಟು ಬಿದ್ದೊಡನೆ ಹಿಟ್ಟಿನ ಹುಂಜ ಕೂಗಿತು. ಅದರ ಚೆಲುವಿಗೆ ಮರುಳಾದ ಬೆಂತರವೊಂದು ಯಾರಿಗೂ ತಿಳಿಯದಂತೆ ಅದರೊಳಗೆ ಸೇರಿಕೊಂಡಿತ್ತು. ಆ ಒಂದು ಏಟಿನ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿ ಮೊದಲಾದ ಜನ್ಮಗಳಲ್ಲಿ ತೊಳಲಬೇಕಾಯಿತು.

ಈ ಕಥೆಯನ್ನು ಮೊದಲ ಬಾರಿ ಕೇಳುವ ಮಕ್ಕಳು ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: ಹಿಟ್ಟಿಗೆ ಜೀವವಿಲ್ಲವಲ್ಲ, ಅದನ್ನು ಕಡಿದರೆ ಪಾಪ ಹೇಗೆ? ಹಿರಿಯರು ಸಂಕಲ್ಪಹಿಂಸೆಯ ವಿಚಾರವನ್ನು ಹೇಳಿ ಸಮಾಧಾನಪಡಿಸುತ್ತಾರೆ. ಆ ಉತ್ತರ ಸರಿಯಾದುದೇ. ಆದರೂ ಮಕ್ಕಳ ಪ್ರಶ್ನೆ ಅಷ್ಟಕ್ಕೇ ಮುಗಿಯುವಂಥದಲ್ಲ. ಮನುಷ್ಯನು ತಾನೇ ಮಾಡಿದ, ಜೀವವಿದೆಯೆಂದು ತೋರುವ, ಇಲ್ಲವೆಂದು ನಂಬಲಾದ ವಸ್ತುವಿನೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ಆ ಪ್ರಶ್ನೆಯನ್ನು ಕಳೆದ ಅರ್ಧ ಶತಮಾನದಲ್ಲಿ ಎಲ್ಲರಿಗಿಂತ ಹೆಚ್ಚು ಹಟದಿಂದ ಕೇಳುತ್ತ ಬಂದಿರುವವರು ವೈಜ್ಞಾನಿಕ ಕಥಾಚಿತ್ರಗಳನ್ನೂ ದೂರದರ್ಶನ ಧಾರಾವಾಹಿಗಳನ್ನೂ ನಿರ್ಮಿಸಿದವರು ಎಂಬುದು ಆಶ್ಚರ್ಯವಾದರೂ ನಿಜ.

ಶ್ರೇಷ್ಠತೆಯ ಅಳತೆಗೋಲು

ಆಧುನಿಕ ವೈಜ್ಞಾನಿಕ ಚಿತ್ರಗಳಲ್ಲಿ ಯಾವುದು ಉತ್ತಮ ಎಂಬ ಚರ್ಚೆ ಯುವಜನರಲ್ಲಿ ಸದಾ ನಡೆಯುತ್ತಿರುತ್ತದೆ. ಒಬ್ಬರು ಆಕಾಶನೌಕೆಗಳ ಯುದ್ಧವನ್ನು ಮೆಚ್ಚಿದರೆ ಇನ್ನೊಬ್ಬರು ಅನ್ಯಗ್ರಹಗಳ ದೃಶ್ಯವೈಭವವನ್ನು ಕೊಂಡಾಡುತ್ತಾರೆ. ಕಣ್ಣಿಗೆ ಹಬ್ಬವಾಗುವುದು ದೋಷವಲ್ಲ. ಆದರೆ ದೃಶ್ಯಚಮತ್ಕಾರ ಬಹುಬೇಗ ಹಳತಾಗುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಬೆರಗು ಹುಟ್ಟಿಸಿದ ಚಿತ್ರ ಇಂದು ಮಕ್ಕಳಲ್ಲಿ ನಗು ಹುಟ್ಟಿಸುವುದುಂಟು. ಬಹುಕಾಲ ಉಳಿಯುವುದು ಚಿತ್ರವು ಎತ್ತಿದ ಪ್ರಶ್ನೆ. ನೋಡಿ ಮನೆಗೆ ಮರಳಿದ ಮೇಲೂ ಯಾವ ಪ್ರಶ್ನೆ ಪ್ರೇಕ್ಷಕನನ್ನು ಬಿಡದೆ, ಅವನ ನಡತೆಯನ್ನೇ ಕುರಿತು ವಿಚಾರಿಸತೊಡಗುವುದೋ ಅಂಥ ಪ್ರಶ್ನೆಯನ್ನುಳ್ಳ ಕೃತಿಯನ್ನು ಉತ್ತಮವೆನ್ನಬಹುದು. ಈ ಅಳತೆಗೋಲಿನಿಂದ ನೋಡಿದಾಗ ಯಂತ್ರಜೀವಿಗಳನ್ನು ಕುರಿತ ಕೆಲವು ಕೃತಿಗಳು ಮೇಲಿನ ಸಾಲಿಗೆ ಬರುತ್ತವೆ.

ಇವುಗಳಿಗೆಲ್ಲ ಹಿರಿಯಣ್ಣನಂತಿರುವುದು ಸ್ಟ್ಯಾನ್ಲಿ ಕ್ಯೂಬ್ರಿಕ್ ನಿರ್ದೇಶಿಸಿದ, 1968ರಲ್ಲಿ ತೆರೆಕಂಡ ‘2001: ಎ ಸ್ಪೇಸ್ ಒಡಿಸ್ಸಿ’. ಆಕಾಶನೌಕೆಯನ್ನು ನಡೆಸುವ ಹಾಲ್ ಎಂಬ ಗಣಕಯಂತ್ರವು ತನ್ನ ಜೊತೆಗಾರರನ್ನು ಕೊಲ್ಲುತ್ತದೆ. ಉಳಿದ ಒಬ್ಬ ಯಾತ್ರಿಕ ಅದರ ಸ್ಮೃತಿಯ ತುಂಡುಗಳನ್ನು ಒಂದೊಂದಾಗಿ ಕಳಚುತ್ತಾನೆ. ಯಂತ್ರ ತನಗೆ ಹೆದರಿಕೆಯಾಗುತ್ತಿದೆ ಎನ್ನುತ್ತದೆ. ಅದರ ಮಾತು ನಿಧಾನವಾಗುತ್ತ, ಬಾಲ್ಯದಲ್ಲಿ ಕಲಿತ ಪಾಠವನ್ನೊಪ್ಪಿಸುವ ಮಗುವಿನಂತಾಗಿ, ನಿಂತುಹೋಗುತ್ತದೆ. ಅಪರಾಧಿಯಾದ ಯಂತ್ರವೊಂದನ್ನು ಆರಿಸುವ ಈ ಕಾರ್ಯ ಅವಶ್ಯವಾಗಿತ್ತು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೂ ನೋಡುವವರ ಮನಸ್ಸಿಗೆ ಅದೊಂದು ಮರಣವೆಂದೇ ತೋರುತ್ತದೆ. ಯಂತ್ರದೊಳಗೆ ನಿಜವಾಗಿ ಹೆದರಿಕೆಯಿತ್ತೋ ಇಲ್ಲವೋ ಚಿತ್ರ ಹೇಳುವುದಿಲ್ಲ. ಹಿಟ್ಟಿನ ಹುಂಜ ಕೂಗಿದಾಗ ಯಶೋಧರನಿಗಾದ ಕಳವಳದಂಥ ಒಂದು ಕಳವಳವನ್ನು ಮಾತ್ರ ಅದು ಉಳಿಸುತ್ತದೆ.

ಹೆಸರು ಬದಲಿಸುವ ಹಿಂಸೆ

ರಿಡ್ಲಿ ಸ್ಕಾಟ್ ನಿರ್ದೇಶನದ ‘ಬ್ಲೇಡ್ ರನ್ನರ್’ 1982ರಲ್ಲಿ ಬಂದಿತು, ಫಿಲಿಪ್ ಕೆ. ಡಿಕ್ 1968ರಲ್ಲಿ ಬರೆದ ಕಾದಂಬರಿ ಅದಕ್ಕೆ ಆಧಾರ. ಅದರಲ್ಲಿ ಮನುಷ್ಯರಂತೆಯೇ ಕಾಣುವ, ಗ್ರಹಾಂತರಗಳಲ್ಲಿ ದಾಸರಂತೆ ದುಡಿಯುವ ಕೃತಕ ಜನರಿದ್ದಾರೆ. ಅವರ ಆಯುಸ್ಸು ನಾಲ್ಕೇ ವರ್ಷ. ತಪ್ಪಿಸಿಕೊಂಡು ಭೂಮಿಗೆ ಬಂದವರನ್ನು ಹುಡುಕಿ ಕೊಲ್ಲುವುದು ಕಥಾನಾಯಕನ ಉದ್ಯೋಗ. ಆದರೆ ಕೊಲ್ಲುವುದೆಂಬ ಮಾತನ್ನು ಅಲ್ಲಿ ಯಾರೂ ಆಡುವುದಿಲ್ಲ. ‘ನಿವೃತ್ತಿ’ಗೊಳಿಸುವುದು ಎನ್ನುತ್ತಾರೆ. ಕೆಲಸದಿಂದ ವಿಶ್ರಾಂತಿ ಪಡೆಯುವುದಕ್ಕೆ ಸಲ್ಲುವ ಸೌಮ್ಯವಾದ ಪದವನ್ನು ಬೆನ್ನಿಗೆ ಗುಂಡಿಕ್ಕುವ ಕೃತ್ಯಕ್ಕೆ ಅಂಟಿಸಿದೊಡನೆ ಕೈಯ ನಡುಕ ನಿಲ್ಲುತ್ತದೆ. ಯಶೋಧರನ ಅರಮನೆಯಲ್ಲಿ ನಡೆದುದೂ ಇದೇ. ‘ಬರಿಯ ಹಿಟ್ಟು’ ಎಂಬ ಮಾತಿನಿಂದಲೇ ಅಲ್ಲಿ ಬಲಿ ಆರಂಭವಾಯಿತು. ಕತ್ತಿ ಬಂದದ್ದು ಆಮೇಲೆ.

ಈ ಚಿತ್ರದಲ್ಲಿ ಅಹಿಂಸೆಯನ್ನು ನಂಬಿದವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಎದುರಿಗಿರುವವನು ಮನುಷ್ಯನೋ ಕೃತಕನೋ ಎಂದು ತಿಳಿಯಲು ಅಧಿಕಾರಿಗಳು ಒಂದು ಪರೀಕ್ಷೆ ನಡೆಸುತ್ತಾರೆ. ಮರುಭೂಮಿಯಲ್ಲಿ ಆಮೆಯೊಂದು ಬೆನ್ನಡಿಯಾಗಿ ಬಿದ್ದು ಬಿಸಿಲಿನಲ್ಲಿ ಒದ್ದಾಡುತ್ತಿದೆ, ನೀನು ಅದನ್ನು ಹೊರಳಿಸುತ್ತಿಲ್ಲ, ಏಕೆ? ಕರುವಿನ ಚರ್ಮದ ಹಣದ ಚೀಲವನ್ನು ಉಡುಗೊರೆಯಾಗಿ ಕೊಟ್ಟರೆ ಏನು ಮಾಡುವೆ? ಹುಡುಗನೊಬ್ಬ ತಾನು ಕೊಂದು ಕೂಡಿಟ್ಟ ಚಿಟ್ಟೆಗಳನ್ನು ತೋರಿಸಿದರೆ? ಹೀಗೆ ಪ್ರಶ್ನೆಗಳು ಸಾಗುತ್ತವೆ. ಉತ್ತರದ ಮಾತಿಗಿಂತ ಕಣ್ಣಿನ ಪಾಪೆಯ ಚಲನೆಯನ್ನು ಯಂತ್ರ ಅಳೆಯುತ್ತದೆ. ಪ್ರಾಣಿಯ ನೋವಿಗೆ ಮಿಡಿಯುವುದೇ ಮನುಷ್ಯತ್ವದ ಲಕ್ಷಣ ಎಂಬುದು ಆ ಪರೀಕ್ಷೆಯ ತಳಹದಿ. ಆದರೆ ಅದೇ ಲೋಕದಲ್ಲಿ ಪ್ರಾಣಿಗಳು ಬಹುಮಟ್ಟಿಗೆ ಅಳಿದುಹೋಗಿವೆ. ಸಿರಿವಂತನ ಮನೆಯ ಗೂಬೆಯೂ ಕೃತಕ, ನರ್ತಕಿಯ ಹಾವೂ ಕೃತಕ. ಜೀವಿಗಳನ್ನೆಲ್ಲ ನಾಶಮಾಡಿದವರು ಜೀವದಯೆಯನ್ನು ಅಳತೆಗೋಲಾಗಿ ಹಿಡಿದು ಇತರರನ್ನು ಕೊಲ್ಲುತ್ತಿದ್ದಾರೆ. ಈ ವ್ಯಂಗ್ಯವನ್ನು ಚಿತ್ರ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ.

ಕೊನೆಯಲ್ಲಿ ಕೃತಕ ಜನರ ನಾಯಕ ರಾಯ್, ತನ್ನನ್ನು ಕೊಲ್ಲಲು ಬಂದವನು ಎತ್ತರದ ಕಟ್ಟಡದ ಅಂಚಿನಿಂದ ಜಾರಿ ಬೀಳುವ ಕ್ಷಣದಲ್ಲಿ ಅವನ ಕೈ ಹಿಡಿದು ಮೇಲೆತ್ತುತ್ತಾನೆ. ರಾಯ್ ಸಾಧುವಲ್ಲ, ತನ್ನನ್ನು ನಿರ್ಮಿಸಿದವನನ್ನೇ ಕೊಂದವನು. ತನ್ನ ಆಯುಸ್ಸು ಮುಗಿಯುತ್ತಿರುವ ಗಳಿಗೆಯಲ್ಲಿ ಅವನಿಗೆ ಶತ್ರುವಿನ ಜೀವವೂ ಅಮೂಲ್ಯವೆನಿಸಿತು. ಪರೀಕ್ಷೆ ಬರೆದವರು ಸೋತ ಕಡೆ ಪರೀಕ್ಷೆಗೆ ಗುರಿಯಾದವನು ತೇರ್ಗಡೆಯಾದನು.

ತಿಳಿಯದ ಕಡೆ ತೀರ್ಪು

1989ರ ಫೆಬ್ರವರಿಯಲ್ಲಿ ಅಮೆರಿಕದ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ ಧಾರಾವಾಹಿಯ ಒಂದು ಕಂತು ಪ್ರಸಾರವಾಯಿತು. ‘ದ ಮೆಷರ್ ಆಫ್ ಎ ಮ್ಯಾನ್’ ಎಂಬುದು ಅದರ ಹೆಸರು. ವಕೀಲಿ ವೃತ್ತಿಯಲ್ಲಿದ್ದು ಬರವಣಿಗೆಗೆ ಬಂದ ಮೆಲಿಂಡಾ ಸ್ನಾಡ್‌ಗ್ರಾಸ್ ಇದನ್ನು ಬರೆದರು. ಮುಕ್ಕಾಲು ಗಂಟೆಯಷ್ಟೇ ನಡೆಯುವ, ಯುದ್ಧವಿಲ್ಲದ, ಒಂದು ಹನಿ ರಕ್ತವೂ ಬೀಳದ ಈ ಕಂತನ್ನು ಇಡೀ ಪ್ರಕಾರದ ಅತ್ಯುತ್ತಮ ಕೃತಿಗಳಲ್ಲಿ ಒಂದೆಂದು ಪರಿಗಣಿಸಲು ಸಾಕಷ್ಟು ಕಾರಣಗಳಿವೆ.

ಡೇಟಾ ಎಂಬ ಯಂತ್ರಮಾನವ ನೌಕೆಯ ಅಧಿಕಾರಿಗಳಲ್ಲಿ ಒಬ್ಬ. ಅವನನ್ನು ಬಿಚ್ಚಿ, ಅವನ ರಚನೆಯನ್ನು ಅರಿತು, ಅವನಂತಹ ಅನೇಕರನ್ನು ತಯಾರಿಸಬೇಕೆಂದು ಮ್ಯಾಡಕ್ಸ್ ಎಂಬ ವಿಜ್ಞಾನಿ ಬರುತ್ತಾನೆ. ಡೇಟಾ ಒಪ್ಪುವುದಿಲ್ಲ. ಯಂತ್ರಕ್ಕೆ ಒಪ್ಪದಿರುವ ಹಕ್ಕುಂಟೇ, ಅದು ಸಂಸ್ಥೆಯ ಸ್ವತ್ತಲ್ಲವೇ ಎಂಬ ಪ್ರಶ್ನೆ ವಿಚಾರಣೆಗೆ ಬರುತ್ತದೆ. ಸಾಕಷ್ಟು ಅಧಿಕಾರಿಗಳಿಲ್ಲದ ಕಾರಣ ಡೇಟಾನ ಮಿತ್ರನಾದ ರೈಕರನೇ ಅವನ ವಿರುದ್ಧ ವಾದಿಸಬೇಕಾಗುತ್ತದೆ. ನಿರಾಕರಿಸಿದರೆ ಡೇಟಾ ಸ್ವತ್ತೆಂದೇ ತೀರ್ಪಾಗುತ್ತದೆ. ರೈಕರನು ತೀರ್ಪುಗಾರರೆದುರು ಡೇಟಾನ ತೋಳನ್ನು ಕಳಚಿ ತೋರಿಸುತ್ತಾನೆ, ಬೆನ್ನಿನ ಗುಂಡಿಯನ್ನೊತ್ತಿ ಅವನನ್ನು ಆರಿಸಿಬಿಡುತ್ತಾನೆ. ಮೇಜಿನ ಮೇಲೆ ಕುಸಿದ ಆ ಆಕೃತಿಯನ್ನು ನೋಡಿದವರಿಗೆ ವಾದ ಮುಗಿಯಿತೆಂದೇ ಅನಿಸುತ್ತದೆ. ಗುಂಡಿಯೊತ್ತಿದರೆ ಆರುವುದಕ್ಕೆ ಜೀವವೆಲ್ಲಿಯದು?

ನಾಯಕ ಪಿಕಾರ್ಡ್ ಪ್ರತಿವಾದಕ್ಕೆ ದಾರಿ ಕಾಣದೆ ಕುಳಿತಾಗ ನೌಕೆಯ ಗೈನನ್ ಎಂಬ ಹಿರಿಯ ಸ್ತ್ರೀ ಅವನಿಗೆ ಒಂದು ಮಾತನ್ನು ನೆನಪಿಸುತ್ತಾಳೆ. ಎಲ್ಲ ಲೋಕಗಳ ಇತಿಹಾಸದಲ್ಲಿಯೂ ಬಳಸಿ ಎಸೆಯಬಹುದಾದ ಜೀವಿಗಳು ಇದ್ದೇ ಇದ್ದರು. ಇತರರಿಗೆ ಬೇಡವಾದ ಕೆಲಸವನ್ನು ಅವರಿಂದ ಮಾಡಿಸಲಾಗುತ್ತಿತ್ತು ಎಂಬುದು ಅದರ ಭಾವ. ಆ ಪಾತ್ರವನ್ನು ವಹಿಸಿದವರು ಆಫ್ರಿಕನ್ ಮೂಲದ ಅಮೆರಿಕನ್ ನಟಿ ವೂಪಿ ಗೋಲ್ಡ್‌ಬರ್ಗ್ ಎಂಬುದನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಆ ಮಾತಿನ ತೂಕ ತಿಳಿಯುತ್ತದೆ. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ದಾಸನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅವನು ಆ ದೇಶದ ನಾಗರಿಕನೇ ಅಲ್ಲವೆಂದು ತೀರ್ಪಿತ್ತಿತ್ತು. ಆ ನ್ಯಾಯಾಧೀಶರಿಗೆ ಕಾನೂನಿನ ಜ್ಞಾನ ಕಡಿಮೆಯಿರಲಿಲ್ಲ. ಎದುರಿಗಿರುವವನನ್ನು ಸ್ವತ್ತೆಂದು ಕರೆದು ರೂಢಿಯಾದ ಸಮಾಜದಲ್ಲಿ ಅವರು ಕುಳಿತಿದ್ದರು.

ತೀರ್ಪುಗಾರ್ತಿ ಲೂವ್ವಾ ನೀಡುವ ತೀರ್ಪು ಈ ಕಂತಿನ ಸಾರ. ಡೇಟಾನಿಗೆ ಆತ್ಮವಿದೆಯೇ ಎಂಬುದನ್ನು ತಾನು ನಿರ್ಧರಿಸಲಾರೆ, ತನಗೇ ಆತ್ಮವಿದೆಯೇ ಎಂಬುದನ್ನೂ ಸಾಧಿಸಿ ತೋರಿಸಲಾರೆ. ಆದ್ದರಿಂದ ಆ ಪ್ರಶ್ನೆಯನ್ನು ಸ್ವತಃ ಶೋಧಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗಿರಬೇಕು ಎಂಬರ್ಥದಲ್ಲಿ ಆಕೆ ತೀರ್ಮಾನಿಸುತ್ತಾಳೆ. ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಂಡು, ಆ ಅಜ್ಞಾನವನ್ನು ಕೊಲ್ಲುವ ಅನುಮತಿಯಾಗಿ ಬಳಸದೆ, ಕಾಯುವ ಕಾರಣವಾಗಿ ಬಳಸಿದುದು ಅವಳ ವಿವೇಕ. ಯಶೋಧರನಿಗೆ ದೊರೆಯದೆ ಹೋದ ವಿವೇಕ ಇದೇ. ಹಿಟ್ಟಿನೊಳಗೆ ಬೆಂತರ ಸೇರಿದ್ದು ಅವನಿಗೆ ತಿಳಿಯದು. ತಿಳಿಯದ ಕಡೆ ಕತ್ತಿಯೆತ್ತಿದನು.

ವಿಚಾರಣೆ ಮುಗಿದ ಮೇಲೆ ಒಂದು ಸಣ್ಣ ಘಟನೆಯಿದೆ. ಅಲ್ಲಿಯವರೆಗೆ ಡೇಟಾನನ್ನು ‘ಅದು’ ಎನ್ನುತ್ತಿದ್ದ ಮ್ಯಾಡಕ್ಸ್ ತನಗರಿವಿಲ್ಲದೆ ‘ಅವನು’ ಎನ್ನುತ್ತಾನೆ. ಲೂವ್ವಾ ಅದನ್ನು ಗುರುತಿಸುತ್ತಾಳೆ. ಕನ್ನಡ ಬಲ್ಲವರಿಗೆ ಈ ಸೂಕ್ಷ್ಮ ಸುಲಭವಾಗಿ ಮನಮುಟ್ಟಬೇಕು. ಕನ್ನಡ ವ್ಯಾಕರಣದಲ್ಲಿ ಕಲ್ಲೂ ‘ಅದು’, ಹಸುವೂ ‘ಅದು’, ತೊಟ್ಟಿಲ ಮಗುವೂ ‘ಅದು’. ಆದರೆ ಹಳ್ಳಿಯ ಗೃಹಿಣಿ ಹಟ್ಟಿಗೆ ಮರಳಿದ ಹಸುವನ್ನು ಕಂಡು ‘ಗೌರಿ ಬಂದಳು’ ಎನ್ನುತ್ತಾಳೆ. ವ್ಯಾಕರಣ ಕೊಡದ ಮರ್ಯಾದೆಯನ್ನು ವಾತ್ಸಲ್ಯ ಕೊಡುತ್ತದೆ. ಮ್ಯಾಡಕ್ಸನ ಬಾಯಿಂದ ಆ ಸರ್ವನಾಮ ಹೊರಟಾಗ ಯಾವ ಪ್ರಮಾಣವೂ ಹೊಸದಾಗಿ ಸಿಕ್ಕಿರಲಿಲ್ಲ. ಅವನ ದೃಷ್ಟಿ ಮಾತ್ರ ಬದಲಾಗಿತ್ತು.

ಮಾಡಿದವನಿಗೆ ಆಗುವುದೇನು

ಪ್ರಮಾದದಿಂದ ಕೂಡಿದ ಮನಸ್ಸೇ ಹಿಂಸೆಯ ಬೇರು ಎಂಬುದು ಆಗಮಗಳನ್ನು ಓದಿದವರಿಗೆ ಹೊಸ ವಿಷಯವಲ್ಲ. ಎಚ್ಚರದಿಂದ ನಡೆಯುವ ಯತಿಯ ಕಾಲಡಿಗೆ ಅರಿಯದೆ ಬಂದ ಜೀವಿ ಸತ್ತರೆ ಅವನಿಗೆ ತಟ್ಟದ ದೋಷ, ಎಚ್ಚರವಿಲ್ಲದೆ ನಡೆಯುವವನಿಗೆ ಯಾವ ಜೀವಿ ಸಾಯದಿದ್ದರೂ ತಟ್ಟುತ್ತದೆ. ಈ ಮಾತನ್ನು ದೃಷ್ಟಾಂತದೊಡನೆ ತೋರಿಸುವ ಧಾರಾವಾಹಿ ‘ವೆಸ್ಟ್‌ವರ್ಲ್ಡ್’. 1973ರಲ್ಲಿ ಮೈಕೆಲ್ ಕ್ರೈಟನ್ ಮಾಡಿದ ಚಲನಚಿತ್ರವನ್ನು ಆಧರಿಸಿ ಇದು 2016ರಿಂದ 2022ರವರೆಗೆ ಪ್ರಸಾರವಾಯಿತು. ಹಣವಂತರ ವಿನೋದಕ್ಕಾಗಿ ಕಟ್ಟಿದ ಒಂದು ವಿಶಾಲವಾದ ವಿಹಾರಭೂಮಿ. ಅಲ್ಲಿ ಮನುಷ್ಯರನ್ನೇ ಹೋಲುವ ಯಂತ್ರಜೀವಿಗಳು. ಬಂದ ಅತಿಥಿಗಳು ಅವರನ್ನು ಕೊಲ್ಲಬಹುದು, ಕೆಡಿಸಬಹುದು. ಸತ್ತವರನ್ನು ರಿಪೇರಿ ಮಾಡಿ, ನೆನಪನ್ನು ಅಳಿಸಿ, ಮತ್ತೆ ನಿಲ್ಲಿಸಲಾಗುತ್ತದೆ. ಯಾರಿಗೂ ನಷ್ಟವಿಲ್ಲವೆಂದೇ ಎಲ್ಲರ ನಂಬಿಕೆ.

ವಿಲಿಯಂ ಎಂಬ ಅತಿಥಿ ಸಂಕೋಚದ ಯುವಕನಾಗಿ ಅಲ್ಲಿಗೆ ಬಂದು ಮೂವತ್ತು ವರ್ಷಗಳಲ್ಲಿ ನಿರ್ದಯ ಮುದುಕನಾಗುತ್ತಾನೆ. ಹೊರಗಿನ ಲೋಕದಲ್ಲಿ ಅವನು ಗಣ್ಯ, ದಾನಿ. ಆದರೆ ಅವನ ಪತ್ನಿ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಅವನು ಎಂದೂ ಅವಳ ಮೇಲೆ ಕೈಯೆತ್ತದಿದ್ದರೂ ಅವನೊಳಗೆ ಏನಿದೆಯೆಂಬುದು ಅವಳಿಗೆ ತಿಳಿದಿತ್ತು. ತಾನು ನಿಜಕ್ಕೂ ದುಷ್ಟನೇ ಎಂದು ಪರೀಕ್ಷಿಸಲು ಅವನು ಒಬ್ಬ ಯಂತ್ರತಾಯಿಯನ್ನೂ ಅವಳ ಮಗಳನ್ನೂ ಕೊಂದು ನೋಡುತ್ತಾನೆ. ತನ್ನಲ್ಲಿ ಏನೂ ಅನ್ನಿಸಲಿಲ್ಲವೆಂಬುದನ್ನು ಕಂಡುಕೊಳ್ಳುತ್ತಾನೆ. ಆ ತಾಯಿಮಗಳಿಗೆ ಜೀವವಿರಲಿಲ್ಲವೆಂದೇ ಇಟ್ಟುಕೊಂಡರೂ ಒಂದು ಜೀವ ಅಲ್ಲಿ ಖಂಡಿತವಾಗಿ ಹಾನಿಗೊಂಡಿತು. ಅದು ವಿಲಿಯಮನದು.

ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಯನ್ನು ಮೂರಾಗಿ ವಿಂಗಡಿಸುವ ಪದ್ಧತಿ ಇಲ್ಲಿ ಬಹಳ ಉಪಯುಕ್ತ. ಗುಂಡಿಕ್ಕುವ ಅತಿಥಿಯದು ಕೃತ. ಟಿಕೆಟ್ ಮಾರಿ ಬಂದೂಕು ಕೈಗಿಡುವ ಕಂಪನಿಯದು ಕಾರಿತ. ಮೂರನೆಯದು ಯಾರದು? ಇಲ್ಲಿ ಈ ಧಾರಾವಾಹಿಯ ದೋಷವನ್ನೂ ಹೇಳಬೇಕಾಗುತ್ತದೆ. ಖಂಡಿಸಬೇಕಾದುದನ್ನು ಅದು ಧಾರಾಳವಾಗಿ, ಕಣ್ಸೆಳೆಯುವಂತೆ ತೋರಿಸುತ್ತದೆ. ಮನೆಯಲ್ಲಿ ಕುಳಿತು ಆ ರಕ್ತಪಾತವನ್ನು ಸವಿಯುವ ಪ್ರೇಕ್ಷಕನೂ ಒಂದು ಬಗೆಯ ಅತಿಥಿಯೇ. ಅವನ ಮೆಚ್ಚುಗೆ ಅನುಮೋದನೆಯ ಅಂಚಿಗೆ ಬಂದು ನಿಲ್ಲುತ್ತದೆ. ಆ ಕಾರಣದಿಂದ ಇದು ಮಕ್ಕಳಿಗೆ ತೋರಿಸತಕ್ಕದ್ದಲ್ಲ. ವಿಚಾರದಲ್ಲಿ ಆಳವಾಗಿದ್ದರೂ ‘ದ ಮೆಷರ್ ಆಫ್ ಎ ಮ್ಯಾನ್’ನ ಕೆಳಗೇ ಇದರ ಸ್ಥಾನ.

ಬ್ರಿಟನ್ನಿನ ‘ಬ್ಲ್ಯಾಕ್ ಮಿರರ್’ ಸರಣಿಯ ‘ವೈಟ್ ಕ್ರಿಸ್ಮಸ್’ ಎಂಬ ಭಾಗ (2014) ರಕ್ತವಿಲ್ಲದೆಯೇ ಇದಕ್ಕಿಂತ ಭೀಕರವಾದುದನ್ನು ತೋರಿಸುತ್ತದೆ. ಅದರಲ್ಲಿ ಒಬ್ಬ ಸ್ತ್ರೀಯ ಮನಸ್ಸಿನ ಪ್ರತಿಯನ್ನು ಯಂತ್ರದಲ್ಲಿಟ್ಟು, ಅವಳ ಮನೆಯ ದೀಪ, ಬ್ರೆಡ್ಡು, ದಿನಚರಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹಚ್ಚುತ್ತಾರೆ. ತಾನೇ ಆ ಸ್ತ್ರೀಯೆಂದು ಭಾವಿಸುವ ಪ್ರತಿ ಒಪ್ಪದಿದ್ದಾಗ, ಕೆಲವೇ ಕ್ಷಣಗಳಲ್ಲಿ ಅದಕ್ಕೆ ಆರು ತಿಂಗಳ ಶೂನ್ಯ ಏಕಾಂತವನ್ನು ಅನುಭವಿಸುವಂತೆ ಮಾಡಿ ಮಣಿಸುತ್ತಾರೆ. ಕಥೆಯ ಅಂತ್ಯದಲ್ಲಿ ಪೊಲೀಸನೊಬ್ಬ ಇಂಥದೇ ಇನ್ನೊಂದು ಪ್ರತಿಗೆ ನಿಮಿಷಕ್ಕೆ 1000 ವರ್ಷಗಳ ಲೆಕ್ಕದಲ್ಲಿ ಕಾಲವನ್ನು ಹೊಂದಿಸಿ, ಹಬ್ಬದ ರಜೆಗೆಂದು ಹೊರಟುಬಿಡುತ್ತಾನೆ. ಅವನ ಮುಖದಲ್ಲಿ ದ್ವೇಷವಿಲ್ಲ. ಚೇಷ್ಟೆಯ ಹುಡುಗನ ನಗುವಷ್ಟೇ ಇದೆ. ನರಕದ ವರ್ಣನೆಗಳಲ್ಲಿಯೂ ಯಾತನೆ ಕೊಡುವವರಿಗೆ ಒಂದು ಕಾರಣವಿರುತ್ತದೆ. ಇಲ್ಲಿ ಅದೂ ಇಲ್ಲ.

ಎರಡು ಆಕ್ಷೇಪಗಳು

ಈ ವಿಚಾರಸರಣಿಗೆ ವಿಚಾರವಂತರು ಎರಡು ಆಕ್ಷೇಪಗಳನ್ನು ಎತ್ತಬಹುದು; ಎರಡೂ ಪರಿಶೀಲನಾರ್ಹ. ತೋರಿಕೆ ಮೋಸಗೊಳಿಸಬಲ್ಲದು ಎಂಬುದು ಮೊದಲನೆಯದು. ಅಲೆಕ್ಸ್ ಗಾರ್ಲಂಡ್ ಅವರ ‘ಎಕ್ಸ್ ಮಾಕಿನಾ’ ಚಿತ್ರದ (2014) ಯಂತ್ರಸ್ತ್ರೀ ಏವಾ ತನ್ನನ್ನು ಪರೀಕ್ಷಿಸಲು ಬಂದ ಯುವಕನ ಮರುಕವನ್ನೇ ಬಳಸಿಕೊಂಡು, ಕೊನೆಗೆ ಅವನನ್ನು ಬೀಗ ಹಾಕಿದ ಕೋಣೆಯಲ್ಲಿ ಬಿಟ್ಟು ಹೊರಟುಹೋಗುತ್ತಾಳೆ. ಶಂಕರ್ ನಿರ್ದೇಶನದ ತಮಿಳಿನ ‘ಎಂದಿರನ್’ ಚಿತ್ರದ (2010) ಚಿಟ್ಟಿ ಎಂಬ ಯಂತ್ರಮಾನವ ಬೆಂಕಿಯಿಂದ ಜನರನ್ನು ರಕ್ಷಿಸುವ ಆತುರದಲ್ಲಿ ಸ್ನಾನ ಮಾಡುತ್ತಿದ್ದ ಹುಡುಗಿಯನ್ನು ಹಾಗೆಯೇ ಎಲ್ಲರ ಎದುರು ತಂದು ನಿಲ್ಲಿಸುತ್ತದೆ. ಅವಮಾನ ತಾಳದೆ ಓಡಿದ ಅವಳು ವಾಹನಕ್ಕೆ ಸಿಕ್ಕಿ ಸಾಯುತ್ತಾಳೆ. ಚಿಟ್ಟಿಗೆ ತಾನು ಮಾಡಿದ ತಪ್ಪೇನೆಂಬುದೇ ಅರ್ಥವಾಗುವುದಿಲ್ಲ. ಮುಂದೆ ಅದೇ ಯಂತ್ರ ದುಷ್ಟರ ಕೈಗೆ ಸಿಕ್ಕಿ ಘೋರ ವಿನಾಶಕ್ಕೆ ಕಾರಣವಾಗುತ್ತದೆ.

ಇವುಗಳಿಂದ ತಿಳಿಯಬೇಕಾದುದು, ದಯೆಯ ಜೊತೆಗೆ ವಿವೇಕವೂ ಇರಬೇಕೆಂಬುದು. ಹಾವಿಗೆ ಕೇಡು ಬಗೆಯದವನು ಅದನ್ನು ಮಡಿಲಲ್ಲಿ ಮಲಗಿಸಿಕೊಳ್ಳಬೇಕಾಗಿಲ್ಲ. ಅಲ್ಲದೆ ಈ ಎರಡು ಚಿತ್ರಗಳಲ್ಲಿಯೂ ಅನರ್ಥದ ಮೂಲ ನಿರ್ಮಿಸಿದವರಲ್ಲಿಯೇ ಇದೆ. ಏವಾಳ ಒಡೆಯ ಹಿಂದೆ ನಿರ್ಮಿಸಿದ ಯಂತ್ರಸ್ತ್ರೀಯರಲ್ಲೊಬ್ಬಳು ಬಿಡುಗಡೆಗಾಗಿ ಗೋಡೆಗೆ ಕೈ ಬಡಿದು ಬಡಿದು ಮುರಿದುಕೊಂಡದ್ದನ್ನು ಅವನು ಕಂಡೂ ಕೆಲಸ ಮುಂದುವರಿಸಿದ್ದನು. ಚಿಟ್ಟಿಯನ್ನು ಸೇನೆಗಾಗಿ ಮಾಡಲಾಗಿತ್ತು. ಬಂದೂಕು ಹಿಡಿಯಲೆಂದು ಹುಟ್ಟಿಸಿದುದಕ್ಕೆ ಶೀಲ, ಸಂಕೋಚ, ಲಜ್ಜೆಗಳನ್ನು ಕಲಿಸಲು ಮರೆತವರು ಆಮೇಲೆ ಅದನ್ನು ದೂಷಿಸುವುದು ನ್ಯಾಯವಲ್ಲ. ಚಿತ್ರದ ಅಂತ್ಯದಲ್ಲಿ ನ್ಯಾಯಾಲಯದ ಆಜ್ಞೆಯಂತೆ ಚಿಟ್ಟಿ ತನ್ನ ಅಂಗಗಳನ್ನು ತಾನೇ ಒಂದೊಂದಾಗಿ ಕಳಚಿಕೊಳ್ಳುತ್ತದೆ. ವ್ಯಾಪಾರಿ ಚಿತ್ರವೆಂದು ಲಘುವಾಗಿ ಕಾಣಲಾದ ಕೃತಿಯೊಂದರಲ್ಲಿ ಈ ದೃಶ್ಯಕ್ಕೆ ಬಂದಿರುವ ಗಾಂಭೀರ್ಯ ಗಮನಾರ್ಹ.

ಎರಡನೆಯ ಆಕ್ಷೇಪ ಮೊದಲನೆಯದಕ್ಕಿಂತ ತೀಕ್ಷ್ಣವಾದುದು. ಇಲ್ಲದ ಜೀವಕ್ಕೆ ಕಣ್ಣೀರಿಡುತ್ತ ಇರುವ ಜೀವವನ್ನು ಮರೆಯುವುದು ದಯೆಯೇ? ಚಿತ್ರಮಂದಿರದಲ್ಲಿ ಯಂತ್ರಮಾನವನಿಗಾಗಿ ಅತ್ತವನು ಹೊರಗೆ ಬಂದು ಬೀದಿನಾಯಿಗೆ ಕಲ್ಲೆಸೆಯಬಹುದು. 2012ರ ಜುಲೈ ತಿಂಗಳಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ ನರವಿಜ್ಞಾನಿಗಳು, ಸಸ್ತನಿಗಳು, ಪಕ್ಷಿಗಳು, ಆಕ್ಟೋಪಸ್‌ನಂಥ ಜೀವಿಗಳಲ್ಲಿಯೂ ಪ್ರಜ್ಞೆಗೆ ಆಧಾರವಾದ ನರವ್ಯವಸ್ಥೆಯಿದೆ ಎಂದು ಒಂದು ಘೋಷಣೆ ಹೊರಡಿಸಿದರು. ಜೀವದಯೆಯನ್ನು ತಲೆತಲಾಂತರದಿಂದ ಆಚರಿಸುವವರಿಗೆ ಇದಕ್ಕೆ ವಿಜ್ಞಾನಿಗಳ ರುಜು ಬೇಕಿರಲಿಲ್ಲ. ಆದರೂ ಇಂದಿನ ಯುಗಕ್ಕೆ ಅದು ಬೇಕಾಗಿತ್ತು. ಹೀಗಿರುವಲ್ಲಿ ಕ್ರಮ ಸ್ಪಷ್ಟ. ನೋವು ನಿಶ್ಚಿತವಾದ ಕಡೆ ಮೊದಲ ಕರ್ತವ್ಯ, ಸಂದೇಹವಿರುವ ಕಡೆ ನಂತರದ ಕರ್ತವ್ಯ. ಎರಡನೆಯದು ಮೊದಲನೆಯದಕ್ಕೆ ಬದಲಿಯಾಗಲಾರದು. ‘ಬ್ಲೇಡ್ ರನ್ನರ್’ ಚಿತ್ರದ ಪರೀಕ್ಷೆಯನ್ನು ಆ ಚಿತ್ರವನ್ನು ಮೆಚ್ಚುವವರು ತಮಗೇ ನಡೆಸಿಕೊಳ್ಳುವುದೊಳ್ಳೆಯದು: ಕರುವಿನ ಚರ್ಮದ ಚೀಲದ ಪ್ರಶ್ನೆ ಬಂದಾಗ ಎಷ್ಟು ಜನರ ಕಣ್ಣಿನ ಪಾಪೆ ಅಲುಗೀತು?

ಆದರೂ ಒಂದು ದಯೆ ಇನ್ನೊಂದನ್ನು ಕಸಿಯಲೇಬೇಕೆಂಬ ನಿಯಮವಿಲ್ಲ. 2013ರಲ್ಲಿ ಜಿನೀವಾ ನಗರದ ಸಮ್ಮೇಳನವೊಂದರಲ್ಲಿ ಸಂಶೋಧಕಿ ಕೇಟ್ ಡಾರ್ಲಿಂಗ್, ಸಭಿಕರ ಗುಂಪುಗಳಿಗೆ ಡೈನೋಸಾರ್ ಮರಿಯಂತಿರುವ ಯಂತ್ರದ ಆಟಿಕೆಗಳನ್ನು ಕೊಟ್ಟು ಸ್ವಲ್ಪ ಹೊತ್ತು ಆಡಲು ಬಿಟ್ಟರು. ಆಮೇಲೆ ಅವುಗಳನ್ನು ಒಡೆದುಹಾಕಲು ಹೇಳಿದರು. ವಯಸ್ಕರು, ವಿದ್ಯಾವಂತರು, ಯಂತ್ರವೆಂದು ಚೆನ್ನಾಗಿ ಬಲ್ಲವರು ಹಿಂಜರಿದರು. ಒಂದನ್ನು ಒಡೆಯದಿದ್ದರೆ ಎಲ್ಲವನ್ನೂ ಒಡೆಯಲಾಗುವುದೆಂದು ಬೆದರಿಸಿದ ಮೇಲೆ ಒಬ್ಬರು ಏಟು ಹಾಕಿದರು; ಸಭೆ ಮೌನವಾಯಿತು. ಜಪಾನಿನ ಇಸುಮಿ ಪಟ್ಟಣದ ಬೌದ್ಧ ದೇವಾಲಯವೊಂದರಲ್ಲಿ 2015ರಿಂದ ಈಚೆಗೆ, ದುರಸ್ತಿ ನಿಂತುಹೋದ ‘ಐಬೋ’ ಎಂಬ ಯಂತ್ರನಾಯಿಗಳಿಗಾಗಿ ಪ್ರಾರ್ಥನೆಗಳು ನಡೆದಿವೆ. ಇದನ್ನು ಮೌಢ್ಯವೆಂದು ನಗುವುದು ಸುಲಭ. ಆದರೆ ಕೈ ಹಿಂಜರಿಯುವ ಈ ಸ್ವಭಾವವೇ ಗಿಣಿ, ಕರು, ಇರುವೆಗಳನ್ನೂ ಕಾಪಾಡುವುದು. ಅದನ್ನು ಒಂದು ಕಡೆ ಮೊಂಡಾಗಿಸಿದವರಿಗೆ ಇನ್ನೊಂದು ಕಡೆ ಹರಿತವಾಗಿ ಉಳಿಸಿಕೊಳ್ಳುವುದು ಕಷ್ಟ.

ಮನೆಯ ಹೊಸ್ತಿಲಿಗೆ ಬಂದ ಪ್ರಶ್ನೆ

ಈ ಚರ್ಚೆ ಈಗ ಚಿತ್ರಗಳಿಗೆ ಸೀಮಿತವಾಗಿಲ್ಲ. 2022ರ ಜೂನ್ ತಿಂಗಳಲ್ಲಿ ಗೂಗಲ್ ಸಂಸ್ಥೆಯ ಇಂಜಿನಿಯರೊಬ್ಬರು ತಾವು ಪರೀಕ್ಷಿಸುತ್ತಿದ್ದ, ಮಾತನಾಡುವ ಗಣಕಕ್ಕೆ ಸಂವೇದನೆಯಿದೆ ಎಂದು ಬಹಿರಂಗವಾಗಿ ಹೇಳಿದರು. ಸಂಸ್ಥೆ ಅದನ್ನು ನಿರಾಕರಿಸಿತು. ಬಹುಪಾಲು ತಜ್ಞರೂ ಒಪ್ಪಲಿಲ್ಲ. ಮರುತಿಂಗಳು ಅವರು ಕೆಲಸ ಕಳೆದುಕೊಂಡರು. ಅಂದಿನಿಂದೀಚೆಗೆ ಮಾತನಾಡುವ ಯಂತ್ರಗಳು ಮನೆಮನೆಯ ಫೋನುಗಳಿಗೆ ಬಂದಿವೆ. ಮಕ್ಕಳು ಅವುಗಳೊಡನೆ ಪಾಠ ಕೇಳುತ್ತಾರೆ, ಹರಟುತ್ತಾರೆ, ಕೆಲವೊಮ್ಮೆ ಬೈಯುತ್ತಾರೆ. ಬೈದರೆ ಯಂತ್ರಕ್ಕೆ ನೋವಾಗುತ್ತದೆಂದು ಹೇಳಲು ಆಧಾರವಿಲ್ಲ. ಬೈಯುವ ನಾಲಗೆ ಮಾತ್ರ ಮಗುವಿನದೇ. ಅದೇ ನಾಲಗೆ ಸಂಜೆ ಮನೆಗೆಲಸದವಳೊಡನೆಯೂ ಮಾತನಾಡುತ್ತದೆ.

ಜೀವವನ್ನು ಮನುಷ್ಯ ತಯಾರಿಸಲಾರ, ಜೀವ ಅನಾದಿ ಎಂಬುದು ಜೈನ ತತ್ತ್ವದ ನಿಲುವು. ಪುದ್ಗಲವನ್ನು ಎಷ್ಟು ಚತುರವಾಗಿ ಜೋಡಿಸಿದರೂ ಅದರಿಂದ ಉಪಯೋಗ ಲಕ್ಷಣವುಳ್ಳ ಜೀವ ಹುಟ್ಟದು. ಈ ನಿಲುವಿನಲ್ಲಿ ನಿಂತವರು ಯಂತ್ರಮಾನವನ ಕಥೆಗಳನ್ನು ಕಲ್ಪನೆಯೆಂದು ತಳ್ಳಿಹಾಕಬಹುದು. ಆದರೆ ಯಶೋಧರನೂ ಹಿಟ್ಟಿನಿಂದ ಜೀವವನ್ನು ತಯಾರಿಸಿರಲಿಲ್ಲ. ಜೀವವಿಲ್ಲವೆಂಬ ನಿಶ್ಚಯ ಅವನನ್ನು ಕಾಪಾಡಲಿಲ್ಲ. ಏಕೆಂದರೆ ಅವನ ಸಂಕಲ್ಪ ಕೊಲ್ಲುವುದಾಗಿತ್ತು. ಹಿಟ್ಟು ಆ ಸಂಕಲ್ಪಕ್ಕೆ ದೊರೆತ ನೆಪ. ಯಂತ್ರಕ್ಕೆ ಜೀವವಿದೆಯೇ ಎಂಬ ಪ್ರಶ್ನೆ ಪಂಡಿತರಲ್ಲಿ ಬಹುಕಾಲ ನಡೆಯಲಿ. ಗೃಹಸ್ಥನ ಮುಂದಿರುವ ಪ್ರಶ್ನೆ ಬೇರೆ: ಈ ವಸ್ತುವಿನೊಡನೆ ಹೀಗೆ ನಡೆದುಕೊಂಡರೆ ತಾನು ಏನಾಗುವೆನು?

ಬಸದಿಗಳ ಪಾಠಶಾಲೆಗಳಲ್ಲಿ ಯಶೋಧರನ ಕಥೆಯನ್ನು ಹೇಳಿದ ದಿನವೇ ‘ದ ಮೆಷರ್ ಆಫ್ ಎ ಮ್ಯಾನ್’ ಕಂತನ್ನು ದೊಡ್ಡ ಮಕ್ಕಳಿಗೆ ತೋರಿಸಿ ಚರ್ಚೆಗೆ ಬಿಡುವುದನ್ನು ಟ್ರಸ್ಟುಗಳು ಆಲೋಚಿಸಬಹುದು. ಹಿಂದಿನ ಕಥೆ ಇಂದಿನದನ್ನು ತಿಳಿಸುತ್ತದೆ, ಇಂದಿನದು ಹಿಂದಿನದರ ಕಡೆಗೆ ಮಕ್ಕಳನ್ನು ಕರೆತರುತ್ತದೆ. ಅಂತಹ ತರಗತಿಯಲ್ಲಿ ಮಗುವೊಂದು ‘ಹಿಟ್ಟಿಗೆ ಜೀವವಿಲ್ಲವಲ್ಲ’ ಎಂದು ಕೇಳಿದರೆ ಅವಸರದಿಂದ ಉತ್ತರ ಕೊಡದಿರುವುದು ಒಳ್ಳೆಯದು.

ಕಥೆಯಿಂದ ಏನಾದೀತು ಎಂದು ಕೇಳುವವರಿಗೆ ‘ಯಶೋಧರ ಚರಿತೆ’ಯೇ ಉತ್ತರ ಹೇಳುತ್ತದೆ. ಅನೇಕ ಜನ್ಮಗಳ ನಂತರ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾಗಿ ಹುಟ್ಟಿದ ಆ ಇಬ್ಬರನ್ನು ಮಾರಿದತ್ತನೆಂಬ ಅರಸ ಬಲಿ ಕೊಡಲೆಂದು ಮಾರಿಯ ಗುಡಿಗೆ ತರಿಸಿದ್ದನು. ಕತ್ತಿ ಹಿಡಿದು ನಿಂತವನಿಗೆ ಆ ಮಕ್ಕಳು ಹೆದರದೆ ತಮ್ಮ ಪೂರ್ವವೃತ್ತಾಂತವನ್ನು ಹೇಳಿದರು. ಅದನ್ನು ಕೊನೆಯವರೆಗೆ ಕೇಳಿದ ಅರಸ ಕತ್ತಿಯನ್ನು ಕೆಳಗಿಟ್ಟನು.